ಯಹೂದಿಗಳಿಲ್ಲದ ಊರಿಗೂ ಬರುವ ಯಹೂದಿ ದ್ವೇಷ

ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ ಒಂದೂ ಇಲ್ಲ. ಶ್ರೀಕಂಠೇಶ್ವರನ ತೇರು ಎಳೆದವರು, ತಿರುಮಕೂಡಲಿನ ಸಂಗಮದಲ್ಲಿ ಮುಳುಗು ಹಾಕಿದವರು ಜೀವಮಾನದಲ್ಲಿ ಒಬ್ಬ ಯಹೂದಿಯನ್ನೂ ಕಾಣದೇ ಇರುವುದು ತೀರಾ ಸಹಜ. ಆದರೂ "ಪ್ರಪಂಚದ ದುಡ್ಡೆಲ್ಲ ಅವರ ಕೈಲೇ ಇದೆಯಂತೆ" ಎಂಬ ಮಾತು ಇಲ್ಲಿಯ ಹೋಟೆಲಿನ ಬೆಂಚಿನ ಮೇಲೂ ಕೇಳಿಬಂದೀತು. ಇಡೀ ಜಗತ್ತಿನ ಯಹೂದಿಗಳ ಸಂಖ್ಯೆ ಒಂದೂವರೆ ಕೋಟಿಯ ಆಸುಪಾಸು. ಕರ್ನಾಟಕವೊಂದರ ಜನಸಂಖ್ಯೆಯೇ 2011ರ ಗಣತಿಯಲ್ಲಿ 6 ಕೋಟಿ ದಾಟಿತ್ತು. ಭಾರತದಲ್ಲಿ ಈಗ ಉಳಿದಿರುವ ಯಹೂದಿಗಳು ಕೆಲವೇ ಸಾವಿರ. ಇಷ್ಟು ಸಣ್ಣ ಸಮುದಾಯದ ಬಗ್ಗೆ, ಅದನ್ನು ಕಂಡೇ ಇರದವರಿಗೆ ಇಷ್ಟು ಖಚಿತವಾದ ಅಭಿಪ್ರಾಯ ಎಲ್ಲಿಂದ ಬಂತು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಯಹೂದಿಗಳನ್ನು ಯಹೂದಿಗಳೆಂಬ ಕಾರಣಕ್ಕೇ ದ್ವೇಷಿಸುವುದು, ಹೊರಗಿಡುವುದು, ಅವರ ಮೇಲೆ ಹಲ್ಲೆ ಮಾಡುವುದು, ಲೋಕದ ಕಷ್ಟಗಳಿಗೆಲ್ಲ ಅವರೇ ಕಾರಣ ಎನ್ನುವುದು ಈ ದ್ವೇಷದ ಸ್ಥೂಲ ರೂಪ. ಅದರ ಆಧುನಿಕ ಅವತಾರಕ್ಕೆ ಇನ್ನೊಂದು ಗುಣವಿದೆ: ಹರಡಲು ಅದಕ್ಕೆ ಯಹೂದಿಗಳೇ ಬೇಕಿಲ್ಲ.

ಬಾವಿಗೆ ವಿಷ ಹಾಕಿದವರು

ಹಳೆಯ ದ್ವೇಷಕ್ಕೆ ಮತವೇ ಆಧಾರ. ಏಸುವನ್ನು ಕೊಂದವರ ವಂಶ ಎಂಬ ಆರೋಪವನ್ನು ಯುರೋಪಿನ ಚರ್ಚುಗಳು ಶತಮಾನಗಳ ಕಾಲ ಬೋಧಿಸಿದವು. 1096ರಲ್ಲಿ ಮೊದಲ ಧರ್ಮಯುದ್ಧಕ್ಕೆ ಹೊರಟ ಗುಂಪುಗಳು ರೈನ್ ನದಿಯ ದಂಡೆಯ ಪಟ್ಟಣಗಳಲ್ಲಿ ಯಹೂದಿಗಳನ್ನು ಕೊಂದವು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ವಿಲಿಯಂ ಎಂಬ ಹುಡುಗನ ಹೆಣ ಸಿಕ್ಕಿದಾಗ ಅಲ್ಲಿಯ ಯಹೂದಿಗಳೇ ಬಲಿಕೊಟ್ಟರೆಂಬ ಕತೆ ಕಟ್ಟಲಾಯಿತು. ಮಕ್ಕಳ ರಕ್ತದ ಈ ಆರೋಪ ಊರಿಂದೂರಿಗೆ ದಾಟುತ್ತ 20ನೇ ಶತಮಾನದವರೆಗೂ ಬದುಕಿತು. 1290ರಲ್ಲಿ ಇಂಗ್ಲೆಂಡ್, 1492ರಲ್ಲಿ ಸ್ಪೇನ್ ತಮ್ಮಲ್ಲಿದ್ದ ಯಹೂದಿಗಳನ್ನು ಹೊರಹಾಕಿದವು.

1348ರಲ್ಲಿ ಪ್ಲೇಗ್ ಬಂದಾಗ, ಯಹೂದಿಗಳು ಬಾವಿಗಳಿಗೆ ವಿಷ ಹಾಕಿದ್ದಾರೆ ಎಂಬ ಸುದ್ದಿ ರೋಗಕ್ಕಿಂತ ಬೇಗ ಓಡಿತು. 1349ರ ಫೆಬ್ರುವರಿ 14ರಂದು ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ನೂರಾರು ಯಹೂದಿಗಳನ್ನು ಸುಟ್ಟುಹಾಕಿದರು. ಪ್ಲೇಗ್ ಆಗಿನ್ನೂ ಆ ಊರಿಗೆ ಕಾಲಿಟ್ಟೇ ಇರಲಿಲ್ಲ. ಯಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರಲ್ಲ ಎಂದು ಪೋಪ್ ಆರನೇ ಕ್ಲೆಮೆಂಟ್ ಹೇಳಿದ್ದರು. ಅದು ಯಾರ ಕಿವಿಗೂ ಬೀಳಲಿಲ್ಲ.

ಸಾಲ ಕೊಟ್ಟವನ ಮುಖ

ದ್ವೇಷದ ಇನ್ನೊಂದು ಬೇರು ದುಡ್ಡಿನ ವ್ಯವಹಾರದಲ್ಲಿದೆ. ಮಧ್ಯಯುಗದ ಯುರೋಪಿನ ಬಹುಭಾಗದಲ್ಲಿ ಯಹೂದಿಗಳಿಗೆ ಜಮೀನು ಹಿಡಿಯಲು ಬಿಡುತ್ತಿರಲಿಲ್ಲ, ಕಸುಬುದಾರರ ಸಂಘಗಳಿಗೆ ಸೇರಿಸುತ್ತಿರಲಿಲ್ಲ. ಕ್ರೈಸ್ತರು ಬಡ್ಡಿ ತೆಗೆದುಕೊಳ್ಳುವುದನ್ನು ಚರ್ಚು ಪಾಪವೆಂದಿತ್ತು. ಹೀಗೆ ಬೇರೆ ಬಾಗಿಲೆಲ್ಲ ಮುಚ್ಚಿ ಲೇವಾದೇವಿಯದೊಂದನ್ನು ತೆರೆದಿಟ್ಟರು. ಅರಸರು ಯಹೂದಿಗಳ ಮೇಲೆ ಭಾರಿ ತೆರಿಗೆ ಹೇರಿದರು, ಯಹೂದಿಗಳು ಆ ಹಣವನ್ನು ಸಾಲಗಾರರಿಂದ ವಸೂಲು ಮಾಡಿದರು. ಜನರ ಸಿಟ್ಟು ಅರಸನ ಮೇಲೆ ತಿರುಗಲಿಲ್ಲ. ಬಾಗಿಲಿಗೆ ಬಂದವನ ಮುಖವೇ ಅವರಿಗೆ ಕಂಡದ್ದು.

ನಮ್ಮ ಕಾಲೇಜುಗಳಲ್ಲಿ ಶೇಕ್ಸ್‌ಪಿಯರನ 'ದಿ ಮರ್ಚೆಂಟ್ ಆಫ್ ವೆನಿಸ್' ಓದಿದವರಿಗೆ ಅದರ ಯಹೂದಿ ಲೇವಾದೇವಿಗಾರ ಶೈಲಾಕ್ ಗೊತ್ತು. ಮೀಟರ್ ಬಡ್ಡಿಯವರನ್ನು ಹಾಗೆಂದು ಕರೆಯುವ ರೂಢಿಯೂ ಓದಿದವರಲ್ಲಿದೆ. ಆ ನಾಟಕ ಹುಟ್ಟಿದ್ದು 1590ರ ದಶಕದಲ್ಲಿ. ಇಂಗ್ಲೆಂಡಿನಿಂದ ಯಹೂದಿಗಳನ್ನು ಓಡಿಸಿ ಆಗ ಮುನ್ನೂರು ವರ್ಷ ಕಳೆದಿತ್ತು, ಅವರು ಮತ್ತೆ ಬಂದು ನೆಲೆಸಲು ಅವಕಾಶವಾದದ್ದು 1656ರಲ್ಲಿ. ನಾಟಕ ನೋಡಿ ಚಪ್ಪಾಳೆ ತಟ್ಟಿದ ಲಂಡನ್ನಿನ ಜನರಲ್ಲಿ ಹೆಚ್ಚಿನವರು, ನಮ್ಮ ನರಸೀಪುರದವರ ಹಾಗೆ, ಯಹೂದಿಯನ್ನು ಕಂಡವರೇ ಅಲ್ಲ.

ಸಾಲದ ಸಂಕಟ ಈ ಭಾಗಕ್ಕೆ ಹೊಸದಲ್ಲ. 2025ರ ಜನವರಿಯಲ್ಲಿ ಮೈಕ್ರೊಫೈನಾನ್ಸ್ ಸಿಬ್ಬಂದಿಯ ಕಿರುಕುಳ ತಾಳಲಾರದೆ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಕುಟುಂಬಗಳು ಮನೆ ಬಿಟ್ಟು ಹೋದ ಸುದ್ದಿ ಬಂತು. ಬಲವಂತದ ವಸೂಲಿಯ ವಿರುದ್ಧ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಇಲ್ಲಿ ಜನರ ಸಿಟ್ಟು ಕಂಪನಿಗಳ ಮೇಲೆ ಹೋಯಿತು, ಕಾನೂನಿನ ದಾರಿ ಹಿಡಿಯಿತು. ಅದನ್ನು ಯಾವುದೋ ಒಂದು ಜಾತಿ, ಮತದ ತಲೆಗೆ ಕಟ್ಟಲಿಲ್ಲ. ಯುರೋಪಿನಲ್ಲಿ ತಪ್ಪಿದ್ದು ಇದೇ ತಿರುವಿನಲ್ಲಿ.

ಮತ ಬಿಟ್ಟರೂ ಬಿಡದ ರಕ್ತ

19ನೇ ಶತಮಾನದ ಯುರೋಪಿನಲ್ಲಿ ಯಹೂದಿಗಳಿಗೆ ನಾಗರಿಕ ಹಕ್ಕು ಸಿಗತೊಡಗಿತು. ಅವರು ವಕೀಲರಾದರು, ಪ್ರಾಧ್ಯಾಪಕರಾದರು, ಪತ್ರಕರ್ತರಾದರು. ಹಳೆಯ ದ್ವೇಷ ಸಾಯಬೇಕಾಗಿದ್ದ ಈ ಹೊತ್ತಿನಲ್ಲೇ ಅದು ವಿಜ್ಞಾನದ ವೇಷ ತೊಟ್ಟಿತು. 1879ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತ ಯಹೂದಿಗಳನ್ನು ಎದುರಿಸಲೆಂದೇ ಸಂಘ ಕಟ್ಟಿದ. ಜಗಳ ಮತದ್ದಲ್ಲ, ಜನಾಂಗದ್ದು ಎಂಬುದು ಅವನ ವಾದ. ಇದರ ಪರಿಣಾಮ ಭೀಕರವಾಗಿತ್ತು. ಮತವಾದರೆ ಬದಲಾಯಿಸಬಹುದು, ಹುಟ್ಟನ್ನು ಬದಲಾಯಿಸುವುದು ಹೇಗೆ? 1894ರಲ್ಲಿ ಫ್ರಾನ್ಸಿನ ಸೇನೆಯ ಕ್ಯಾಪ್ಟನ್ ಆಲ್ಫ್ರೆಡ್ ಡ್ರೈಫಸ್ ಮೇಲೆ ಸುಳ್ಳು ದೇಶದ್ರೋಹದ ಆರೋಪ ಹೊರಿಸಿ ಶಿಕ್ಷಿಸಿದರು. ಅವನು ನಿರ್ದೋಷಿ ಎಂದು ಘೋಷಿಸಲು 1906 ಬರಬೇಕಾಯಿತು.

ಹಿಟ್ಲರ್ ಬಂದದ್ದು ಸಿದ್ಧವಾಗಿದ್ದ ಈ ನೆಲಕ್ಕೆ. 1933ರ ಏಪ್ರಿಲ್ 7ರ ಕಾನೂನು ಯಹೂದಿ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ಕಿತ್ತಿತು, 1935ರ ನ್ಯೂರೆಂಬರ್ಗ್ ಕಾನೂನು ಪೌರತ್ವ ಕಿತ್ತಿತು, ಮುಂದಿನದು 60 ಲಕ್ಷ ಯಹೂದಿಗಳ ಕೊಲೆ.

ಒಂದು ನಕಲಿ ಪುಸ್ತಕ, ನೂರು ಭಾಷೆಯ ಆಯಸ್ಸು

ಜಗತ್ತನ್ನು ಆಳಲು ಯಹೂದಿ ಹಿರಿಯರು ಗುಟ್ಟಾಗಿ ಸೇರಿ ಮಾಡಿದ ಸಂಚು ಎಂದು ಹೇಳಿಕೊಳ್ಳುವ 'ಪ್ರೊಟೊಕಾಲ್ಸ್ ಆಫ್ ದಿ ಎಲ್ಡರ್ಸ್ ಆಫ್ ಜಯಾನ್' ಮೊದಲು ಅಚ್ಚಾದದ್ದು 1903ರಲ್ಲಿ, ರಷ್ಯಾದ ಒಂದು ಪತ್ರಿಕೆಯಲ್ಲಿ. 1921ರ ಆಗಸ್ಟಿನಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ವರದಿಗಾರ ಫಿಲಿಪ್ ಗ್ರೇವ್ಸ್ ಅದರ ಬಣ್ಣ ಬಯಲು ಮಾಡಿದ. ಮೋರಿಸ್ ಜೋಲಿ ಎಂಬ ಫ್ರೆಂಚ್ ಲೇಖಕ 1864ರಲ್ಲಿ ಮೂರನೇ ನೆಪೋಲಿಯನ್ನನನ್ನು ಲೇವಡಿ ಮಾಡಿ ಬರೆದ ಪುಸ್ತಕದಿಂದ ಪುಟಗಟ್ಟಲೆ ಕದ್ದು ಇದನ್ನು ಹೊಲಿದಿದ್ದರು. ಆ ಮೂಲ ಪುಸ್ತಕದಲ್ಲಿ ಯಹೂದಿಗಳ ಸುದ್ದಿಯೇ ಇರಲಿಲ್ಲ!

ಬಯಲಾದ ಮೇಲೂ ಅದು ನಿಲ್ಲಲಿಲ್ಲ. ಅಮೆರಿಕದಲ್ಲಿ ಕಾರು ತಯಾರಕ ಹೆನ್ರಿ ಫೋರ್ಡ್ 1920ರಿಂದ ತನ್ನ ಪತ್ರಿಕೆಯಲ್ಲಿ ಇದರ ಸಾರವನ್ನು ಲೇಖನಮಾಲೆಯಾಗಿ ಹಂಚಿದ್ದ, 1927ರಲ್ಲಿ ಕ್ಷಮೆ ಕೇಳಿದ. ಅಷ್ಟರಲ್ಲಿ ಲೇಖನಗಳು ಜರ್ಮನ್ ಭಾಷೆಗೆ ಹೋಗಿ ನಾಜಿಗಳ ಕೈ ಸೇರಿದ್ದವು. ಈ ಪುಸ್ತಕದ ಶಕ್ತಿ ಅದರ ಟೊಳ್ಳುತನದಲ್ಲೇ ಇದೆ ಎನ್ನಬೇಕು. ಒಂದು ಸಣ್ಣ ಗುಂಪು, ಗುಟ್ಟಾದ ಅಧಿಕಾರ, ಲೋಕದ ಕೇಡಿಗೆಲ್ಲ ಅವರೇ ಹೊಣೆ: ಇಷ್ಟೇ ಅದರ ಸಾಮಗ್ರಿ. ಆಲೆಮನೆಯಲ್ಲಿ ಯಾವ ಗದ್ದೆಯ ಕಬ್ಬಿನ ಪಾಕ ಹೊಯ್ದರೂ ಅಚ್ಚಿನಿಂದ ಏಳುವ ಬೆಲ್ಲದ ಆಕಾರ ಒಂದೇ. ಇಲ್ಲೂ ಹಾಗೆಯೇ. ಬಂಡವಾಳಶಾಹಿಗೆ ಬೈಯುವವರಿಗೆ ಯಹೂದಿ ಬ್ಯಾಂಕರ್ ಸಿಕ್ಕಿದ, ಕಮ್ಯುನಿಸಂಗೆ ಹೆದರುವವರಿಗೆ ಯಹೂದಿ ಕ್ರಾಂತಿಕಾರಿ ಸಿಕ್ಕಿದ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಕೇಳುವವರು ಕಡಿಮೆ.

ಗಡಿ ದಾಟಿದ ದಾರಿಗಳು

ಮುಸ್ಲಿಂ ಆಳ್ವಿಕೆಯ ನಾಡುಗಳಲ್ಲಿ ಯಹೂದಿಗಳು ಎರಡನೇ ದರ್ಜೆಯ ಪ್ರಜೆಗಳಾಗಿದ್ದರು, ಆಗಾಗ ಹಿಂಸೆಯೂ ನಡೆದಿತ್ತು. ಮಕ್ಕಳ ರಕ್ತದ ಕತೆಗೆ ಅಲ್ಲಿ ಬಲ ಬಂದದ್ದು ಯುರೋಪಿನವರಿಂದ. 1840ರಲ್ಲಿ ಡಮಾಸ್ಕಸ್‌ನಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿ ಕಾಣೆಯಾದಾಗ ಯಹೂದಿಗಳ ಮೇಲಿನ ಆರೋಪಕ್ಕೆ ಒತ್ತಾಸೆಯಾಗಿ ನಿಂತವನು ಫ್ರಾನ್ಸಿನ ಕಾನ್ಸುಲ್. ನೂರು ವರ್ಷದ ಮೇಲೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ನಾಜಿಗಳು ಬರ್ಲಿನ್ ಬಳಿಯಿಂದ ಅರಬ್ಬಿಯಲ್ಲಿ ರೇಡಿಯೊ ಪ್ರಸಾರ ಮಾಡಿದರು. ಇಸ್ರೇಲ್ ಸ್ಥಾಪನೆ, ಪ್ಯಾಲೆಸ್ತೀನಿಯರ ನಿರ್ವಸತಿ, ಯುದ್ಧಗಳು, ಇವು ನಿಜವಾದ ರಾಜಕೀಯ ಜಗಳಗಳು. ಅವುಗಳ ಮೇಲೆ ರಷ್ಯಾದ ಆ ನಕಲಿ ಪುಸ್ತಕ ಹೋಗಿ ಕೂತಿತು. 1988ರ ಹಮಾಸ್ ಸನ್ನದು ಅದನ್ನು ಹೆಸರಿಸಿಯೇ ಉಲ್ಲೇಖಿಸುತ್ತದೆ.

ಜಪಾನಿನ ಕತೆ ಇನ್ನೂ ವಿಚಿತ್ರ. 1918ರ ನಂತರ ಸೈಬೀರಿಯಾಕ್ಕೆ ಹೋದ ಜಪಾನಿ ಸೈನಿಕರು ಅಲ್ಲಿಯ ಕಮ್ಯುನಿಸ್ಟ್ ವಿರೋಧಿ 'ಬಿಳಿ' ರಷ್ಯನ್ನರಿಂದ 'ಪ್ರೊಟೊಕಾಲ್ಸ್' ಹೊತ್ತು ತಂದರು. 1986ರಲ್ಲಿ ಮಸಾಮಿ ಉನೊ ಎಂಬ ಲೇಖಕ ಜಪಾನಿನ ಆರ್ಥಿಕ ಕಷ್ಟಕ್ಕೆ ಯಹೂದಿಗಳೇ ಕಾರಣ ಎಂದು ಬರೆದ ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು. ಯಹೂದಿಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲವೆನ್ನಬಹುದಾದ ಮಲೇಷ್ಯಾದಲ್ಲಿ, 2003ರ ಅಕ್ಟೋಬರಿನಲ್ಲಿ, ಪ್ರಧಾನಿ ಮಹಾತಿರ್ ಮೊಹಮದ್ ಇಸ್ಲಾಮಿಕ್ ರಾಷ್ಟ್ರಗಳ ಶೃಂಗಸಭೆಯಲ್ಲೇ ಯಹೂದಿಗಳು ಬೇರೆಯವರ ಮೂಲಕ ಜಗತ್ತನ್ನು ಆಳುತ್ತಿದ್ದಾರೆ ಎಂದರು.

ಮಂಗಳೂರಿನ ವ್ಯಾಪಾರಿ, ಗೋವಾದ ವೈದ್ಯ

ಕನ್ನಡ ನಾಡಿನ ಕರಾವಳಿಗೆ ಯಹೂದಿಗಳು ಹೊಸಬರಲ್ಲ. ಅಬ್ರಹಾಂ ಬೆನ್ ಯಿಜು ಎಂಬ ಟ್ಯುನಿಷಿಯಾ ಮೂಲದ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರಲ್ಲಿ ಈ ನಾಡು ಬಿಟ್ಟ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಅಶು ಎಂಬ ಇಲ್ಲಿಯ ಹೆಣ್ಣಿನೊಂದಿಗೆ ಸಂಸಾರ ಮಾಡಿದ. ಕೈರೊದ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ಸಿಕ್ಕಿದ ಅವನ ಕಾಗದಪತ್ರಗಳನ್ನು ಬೆನ್ನುಹತ್ತಿ ಅಮಿತಾವ್ ಘೋಷ್ 1992ರಲ್ಲಿ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಬರೆದರು. ನಾರ್ವಿಚ್‌ನಲ್ಲಿ ಮಗುವಿನ ರಕ್ತದ ಕತೆ ಹುಟ್ಟಿದ ಕಾಲದಲ್ಲಿ ಬೆನ್ ಯಿಜು ತುಳುನಾಡಿನಲ್ಲಿ ಅಡಿಕೆ, ಮೆಣಸಿನ ಲೆಕ್ಕ ಬರೆಯುತ್ತ ಕೂತಿದ್ದ.

ಈ ನೆಲಕ್ಕೆ ದ್ವೇಷ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. 1560ರಲ್ಲಿ ಗೋವಾದಲ್ಲಿ ಸ್ಥಾಪನೆಯಾದ ಮತವಿಚಾರಣಾ ನ್ಯಾಯಾಲಯದ ಮೊದಲ ಗುರಿ, ಕ್ರೈಸ್ತರಾಗಿ ಮತಾಂತರಗೊಂಡ ಯಹೂದಿ ಮನೆತನದವರು. ಭಾರತದ ಔಷಧ ಸಸ್ಯಗಳ ಬಗ್ಗೆ 1563ರಲ್ಲಿ ಗೋವಾದಲ್ಲೇ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಅಂಥವನು. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕತಾರಿನಾಳನ್ನು ಜೀವಂತ ಸುಟ್ಟರು. 1580ರಲ್ಲಿ ಅವನ ಮೂಳೆಗಳನ್ನೇ ಅಗೆದು ತೆಗೆದು ಸುಟ್ಟರು. ಯಹೂದಿ ಮೂಲದವರಿಗೆಂದು ಕಟ್ಟಿದ ಯಂತ್ರ ಅಷ್ಟಕ್ಕೇ ನಿಲ್ಲದೆ ಹಿಂದೂಗಳತ್ತ, ಹೊಸ ಕ್ರೈಸ್ತರತ್ತ ತಿರುಗಿತು. ಗೋವಾ ಬಿಟ್ಟು ಕೆನರಾ ಕರಾವಳಿಗೆ ಬಂದ ಕೊಂಕಣಿ ಕುಟುಂಬಗಳ ನೆನಪಿನಲ್ಲಿ ಆ ಕಾಲ ಇನ್ನೂ ಇದೆ. ಆ ನ್ಯಾಯಾಲಯ ಕೊನೆಗೂ ಮುಚ್ಚಿದ್ದು 1812ರಲ್ಲಿ.

ಬೆಂಗಳೂರಿನ ಒಂದು ಸಭೆ

ಕ್ವಾಂಟಂ ಭೌತವಿಜ್ಞಾನದ ಹಿರಿಯರಲ್ಲೊಬ್ಬರಾದ ಮ್ಯಾಕ್ಸ್ ಬಾರ್ನ್ ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. 1914ರಲ್ಲೇ ಕ್ರೈಸ್ತ ದೀಕ್ಷೆ ಪಡೆದಿದ್ದರು. 1933ರ ಕಾನೂನು ಅದನ್ನು ಲೆಕ್ಕಕ್ಕೇ ಇಡದೆ ಅವರನ್ನು ಹುದ್ದೆಯಿಂದ ಹೊರಹಾಕಿತು. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಬಾರ್ನ್ ಅವರನ್ನು ಬೆಂಗಳೂರಿಗೆ ಕರೆಸಿಕೊಂಡರು. 1935–36ರಲ್ಲಿ ಬಾರ್ನ್ ದಂಪತಿ ಕೆಲವು ತಿಂಗಳು ಇಲ್ಲಿದ್ದರು. ಬಾರ್ನ್‌ಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಬೇಕೆಂಬುದು ರಾಮನ್ ಆಸೆ. ಅದನ್ನು ಚರ್ಚಿಸಿದ ಸಭೆಯಲ್ಲಿ ಆಸ್ಟನ್ ಎಂಬ ಇಂಗ್ಲೆಂಡ್ ಮೂಲದ ಪ್ರಾಧ್ಯಾಪಕ ಎದ್ದುನಿಂತು, ಸ್ವಂತ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ಈ ಸಂಸ್ಥೆಗೆ ತಕ್ಕವನಲ್ಲ ಎಂಬ ಅರ್ಥದ ಮಾತಾಡಿದರೆಂದು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ನೊಂದು ನೆನೆದಿದ್ದಾರೆ. ಹುದ್ದೆ ಸಿಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಬೆಂಗಳೂರಿಗೆ ಆದ ನಷ್ಟವನ್ನು ಇನ್ನು ಬಿಡಿಸಿ ಹೇಳಬೇಕಿಲ್ಲ.

ಆ ಮಾತಿನಲ್ಲಿ 'ಯಹೂದಿ' ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಬೇಕು. ಹಿಟ್ಲರ್ ಓಡಿಸಿದ್ದೇ ಓಡಿಬಂದವನ ಕೊರತೆಗೆ ಸಾಕ್ಷಿಯಾಯಿತು. ಮಾತಾಡಿದ ಆಸ್ಟನ್ ನಾಜಿಯೇನೂ ಆಗಿರಲಿಲ್ಲ. ನಾಜಿಗಳ ತೀರ್ಪನ್ನು ಪರೀಕ್ಷಿಸದೆ ಮುಂದಕ್ಕೆ ದಾಟಿಸಿದರು, ಅಷ್ಟೇ. ದ್ವೇಷ ಒಂದು ಸಂಸ್ಕೃತಿಯಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಇಂಥ ಮರ್ಯಾದಸ್ಥರ ಬಾಯಿಂದಲೇ.

ಇದೇ ಕತೆಗೆ ಇನ್ನೊಂದು ಮಗ್ಗುಲೂ ಇದೆ. ಬಾರ್ನ್ ಅವರ ಸೋದರಳಿಯ ಓಟೊ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನ ವಾಸ್ತುಶಿಲ್ಪಿ, ಅದೇ 1933ರಲ್ಲಿ ಕೆಲಸ ಕಳೆದುಕೊಂಡವರು. ಅವರನ್ನು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಕರೆತಂದು ಮುಖ್ಯ ವಾಸ್ತುಶಿಲ್ಪಿಯ ಹುದ್ದೆ ಕೊಟ್ಟರು. ಹಿಂದೂ ಅರಸರ ರಾಜ್ಯ, ಮುಸ್ಲಿಂ ದಿವಾನ, ಯಹೂದಿ ನಿರಾಶ್ರಿತ. ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಕಟ್ಟಡಗಳಿವೆ. ಒಡಿಶಾದ ಭುವನೇಶ್ವರ ನಗರದ ಯೋಜನೆಯೂ ಅವರದೇ.

ಗಾಂಧೀಜಿಯ ಹೋಲಿಕೆ ಮತ್ತು ಬದನವಾಳು

ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಮಂದಿರಗಳನ್ನು ಪುಡಿಗಟ್ಟಿದ ಕೆಲವೇ ದಿನಗಳಲ್ಲಿ, 1938ರ ನವೆಂಬರ್ 26ರ 'ಹರಿಜನ' ಪತ್ರಿಕೆಯಲ್ಲಿ ಗಾಂಧೀಜಿ ಯಹೂದಿಗಳನ್ನು ಕ್ರೈಸ್ತ ಲೋಕದ ಅಸ್ಪೃಶ್ಯರಿಗೆ ಹೋಲಿಸಿದರು. ಅವರು ಸೂಚಿಸಿದ ಮದ್ದು ಸತ್ಯಾಗ್ರಹ. ತತ್ವಜ್ಞಾನಿ ಮಾರ್ಟಿನ್ ಬ್ಯೂಬರ್ ಅದನ್ನು ಒಪ್ಪದೆ ದೀರ್ಘ ಉತ್ತರ ಬರೆದರು. ನಾಜಿಗಳೆದುರು ಆ ಮದ್ದು ಕೆಲಸ ಮಾಡುತ್ತಿರಲಿಲ್ಲ ಎಂಬ ಬ್ಯೂಬರ್ ಮಾತೇ ಸರಿ ಎಂದು ನನಗನ್ನಿಸುತ್ತದೆ.

ಹೋಲಿಕೆ ಮಾತ್ರ ಈ ಭಾಗದವರಿಗೆ ದೂರದ್ದಲ್ಲ. ಖಾದಿಗೆ ಹೆಸರಾದ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ, 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಇದೇ ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರ ತಲೆಗೂದಲು ಕತ್ತರಿಸಿದ್ದಕ್ಕೆ ಕ್ಷೌರಿಕರೊಬ್ಬರಿಗೆ ಬಹಿಷ್ಕಾರ, 50,000 ರೂಪಾಯಿ ದಂಡ ಹಾಕಿದ್ದು 2020ರಲ್ಲಿ ಸುದ್ದಿಯಾಯಿತು. ಬೇರೆ ಕೇರಿ, ಮುಟ್ಟಬಾರದೆಂಬ ನಿಯಮ, ಹುಟ್ಟಿನಿಂದಲೇ ಅಂಟುವ ಕಳಂಕ: ಇವೆಲ್ಲ ಎರಡಕ್ಕೂ ಸಮಾನ. ಆದರೆ ಒಂದು ವ್ಯತ್ಯಾಸವನ್ನು ಗಾಂಧೀಜಿಯ ಹೋಲಿಕೆ ಹಿಡಿಯುವುದಿಲ್ಲ. ಜಾತಿ ತನ್ನ ಬಲಿಪಶುವನ್ನು ಕೆಳಗೆ ನೋಡುತ್ತದೆ. ಆಧುನಿಕ ಯಹೂದಿ ದ್ವೇಷ ತನ್ನ ಬಲಿಪಶುವನ್ನು ಮೇಲೆ ಕೂರಿಸಿ, ಅವನೇ ನಮ್ಮನ್ನು ಆಳುತ್ತಿದ್ದಾನೆ ಎಂದು ಹೆದರುತ್ತದೆ. ಆದ್ದರಿಂದಲೇ ಅದಕ್ಕೆ ತಾನು ದಬ್ಬಾಳಿಕೆ ಎಂದು ಅನ್ನಿಸುವುದೇ ಇಲ್ಲ, ಪ್ರತಿರೋಧ ಎಂದೇ ಅನ್ನಿಸುತ್ತದೆ.

ಟೀಕೆ ಎಲ್ಲಿ ಮುಗಿಯುತ್ತದೆ

2023ರ ಅಕ್ಟೋಬರ್ 7ರ ಹಮಾಸ್ ದಾಳಿ, ಆಮೇಲಿನ ಗಾಜಾ ಯುದ್ಧದ ನಂತರ, ಇಸ್ರೇಲ್ ಟೀಕೆ ಎಲ್ಲಿ ಮುಗಿದು ಯಹೂದಿ ದ್ವೇಷ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ತೀವ್ರವಾಗಿದೆ. ಅಂತರರಾಷ್ಟ್ರೀಯ ಹಾಲೊಕಾಸ್ಟ್ ಸ್ಮರಣಾ ಒಕ್ಕೂಟ 2016ರಲ್ಲಿ ಯಹೂದಿ ದ್ವೇಷಕ್ಕೆ ಒಂದು ವ್ಯಾಖ್ಯೆ ಕೊಟ್ಟಿತು. ಅದು ಇಸ್ರೇಲ್ ಟೀಕೆಯ ಬಾಯಿ ಮುಚ್ಚಿಸಲು ಬಳಕೆಯಾಗುತ್ತಿದೆ ಎಂದ ವಿದ್ವಾಂಸರು 2021ರಲ್ಲಿ ಜೆರುಸಲೇಂ ಘೋಷಣೆ ಹೊರಡಿಸಿದರು. ಬೆಂಜಮಿನ್ ನೆತನ್ಯಾಹು ಸರ್ಕಾರವನ್ನು, ಗಾಜಾದ ಸಾವುಗಳನ್ನು ಖಂಡಿಸುವುದು ರಾಜಕೀಯ ಟೀಕೆ. ಇಸ್ರೇಲಿನ ಯಹೂದಿಗಳೇ ಅದನ್ನು ಮಾಡುತ್ತಾರೆ. ಇಸ್ರೇಲ್ ಮಾಡಿದ್ದಕ್ಕೆ ಲಂಡನ್ನಿನ ಶಾಲೆಯ ಯಹೂದಿ ಮಗುವನ್ನು ಹೊಣೆ ಮಾಡಿದಾಗ, ಯುದ್ಧದ ಹಿಂದೆ ಜಗತ್ತಿನ ಯಹೂದಿ ದುಡ್ಡಿದೆ ಎಂದಾಗ, ಅದು ಟೀಕೆಯಾಗಿ ಉಳಿಯುವುದಿಲ್ಲ. 2008ರ ನವೆಂಬರಿನಲ್ಲಿ ಮುಂಬೈನ ನಾರಿಮನ್ ಹೌಸ್‌ಗೆ ನುಗ್ಗಿದ ಭಯೋತ್ಪಾದಕರು ಹುಡುಕಿಕೊಂಡು ಹೋದದ್ದು ಯಹೂದಿಗಳನ್ನೇ.

ಹೊಗಳಿಕೆಯ ಒಳಗೂ

ನಮ್ಮಲ್ಲಿ ಹೆಚ್ಚು ಓಡಾಡುವುದು ಬೈಗುಳಕ್ಕಿಂತ ಹೊಗಳಿಕೆ. ಯಹೂದಿಗಳು ಯಾಕೆ ಅಷ್ಟು ಬುದ್ಧಿವಂತರು, ಅವರ ಬಸುರಿಯರು ಏನು ತಿನ್ನುತ್ತಾರೆ, ಬ್ಯಾಂಕು, ಮಾಧ್ಯಮಗಳೆಲ್ಲ ಹೇಗೆ ಅವರವು ಎಂಬ ವಾಟ್ಸ್ಆ್ಯಪ್ ಬರಹಗಳನ್ನು ಮೆಚ್ಚುಗೆಯಿಂದಲೇ ಕಳಿಸುತ್ತಾರೆ. ಅಚ್ಚು ಮಾತ್ರ 1903ರದ್ದೇ. 1939ರಲ್ಲಿ ಆರೆಸ್ಸೆಸ್ ನಾಯಕ ಎಂ.ಎಸ್. ಗೋಳ್ವಲ್ಕರ್ ಪ್ರಕಟಿಸಿದ ಪುಸ್ತಕ, ಜರ್ಮನಿ ಯಹೂದಿಗಳನ್ನು ಹೊರದೂಡಿದ್ದರಲ್ಲಿ ಭಾರತಕ್ಕೊಂದು ಪಾಠ ಕಂಡಿತ್ತು. ಅದೇ ಪರಂಪರೆಯವರು ಇಂದು ಇಸ್ರೇಲಿನ ಗಟ್ಟಿ ಅಭಿಮಾನಿಗಳು. ಫುಟ್‌ಪಾತಿನ ಪುಸ್ತಕದಂಗಡಿಗಳಲ್ಲಿ ಹಿಟ್ಲರನ 'ಮೈನ್ ಕಾಂಫ್' ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಇರುತ್ತದೆ. ಕಟ್ಟುನಿಟ್ಟಿನ ಮೇಷ್ಟರಿಗೆ ಹಿಟ್ಲರ್ ಎಂಬ ಅಡ್ಡಹೆಸರು ಮಾಮೂಲು, ಜೀ ಕನ್ನಡದಲ್ಲಿ 2021ರಲ್ಲಿ 'ಹಿಟ್ಲರ್ ಕಲ್ಯಾಣ' ಎಂಬ ಧಾರಾವಾಹಿಯೇ ಶುರುವಾಯಿತು. ಇದರಲ್ಲಿ ದ್ವೇಷವೇನಿಲ್ಲ. 60 ಲಕ್ಷ ಸಾವುಗಳ ಅರಿವೂ ಇಲ್ಲ.

ನಂಜನಗೂಡು, 2020

2020ರ ಮಾರ್ಚ್ 26ರಂದು ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೊರೊನಾ ಇರುವುದು ಖಚಿತವಾಯಿತು. ರಾಜ್ಯದ ಪಟ್ಟಿಯಲ್ಲಿ ಅವರು 52ನೇ ರೋಗಿ. ಅಲ್ಲಿಂದ ಬೆಳೆದ ಸರಣಿ 70 ದಾಟಿತು, ಸಾವಿರಕ್ಕೂ ಹೆಚ್ಚು ಮಂದಿಯನ್ನು ಪ್ರತ್ಯೇಕವಾಗಿ ಇರಿಸಿದರು. ಸೋಂಕು ಎಲ್ಲಿಂದ ಬಂತೆಂದು ಗೊತ್ತಾಗದಿದ್ದಾಗ ಊಹೆಗಳು ಓಡಿದವು. ಚೀನಾದಿಂದ ಬಂದ ಕಂಟೇನರ್ ಅಂದರು, ಬೇರೆಬೇರೆಯವರ ಮೇಲೆ ಬೆರಳು ತೋರಿಸಿದರು.

ಅದೇ ವಾರ ದೆಹಲಿಯ ನಿಜಾಮುದ್ದೀನ್ ತಬ್ಲೀಗಿ ಸಭೆಯ ಸುದ್ದಿ ಬಂತು. ರೋಗ ಹರಡಿದ ಒಂದು ಸಭೆಯ ತಪ್ಪನ್ನು ಚರ್ಚಿಸುವುದು ಬೇರೆ. ಆಗ ನಡೆದದ್ದು ಇನ್ನೊಂದು: 'ಕೊರೊನಾ ಜಿಹಾದ್' ಎಂಬ ಹೆಸರಿನಲ್ಲಿ ಇಡೀ ಸಮುದಾಯ ಬೇಕೆಂದೇ ರೋಗ ಹಂಚುತ್ತಿದೆ ಎಂಬ ವಿಡಿಯೊಗಳು ಫೋನಿಂದ ಫೋನಿಗೆ ಹೋದವು, ಹಣ್ಣು ತರಕಾರಿ ಮಾರುವ ಮುಸ್ಲಿಮರನ್ನು ಬೀದಿಗೆ ಬಿಡಬೇಡಿ ಎಂಬ ಸಂದೇಶಗಳು ಬಂದವು. ಸ್ಟ್ರಾಸ್‌ಬರ್ಗಿನ ಬಾವಿಯ ಕತೆ, ಹೆಸರು ಮಾತ್ರ ಬದಲು. ಅದೇ ಹೊತ್ತಿಗೆ ಅಮೆರಿಕ, ಯುರೋಪಿನ ಕೆಲವರು ವೈರಸ್ ಹಿಂದೆ ಯಹೂದಿಗಳಿದ್ದಾರೆ ಎಂದು ಹಂಚುತ್ತಿದ್ದರು. ಒಬ್ಬಿಬ್ಬರ ತಪ್ಪಿಗೆ ಇಡೀ ಮುಸ್ಲಿಂ ಸಮುದಾಯವನ್ನು ದೂಷಿಸಿದರೆ ಕ್ರಮ ಕೈಗೊಳ್ಳುವುದಾಗಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಏಪ್ರಿಲ್ ಮೊದಲ ವಾರದಲ್ಲಿ ಎಚ್ಚರಿಸಿದರು. ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದು ಮಾಡುತ್ತ, ಅವರನ್ನು ಬಲಿಪಶು ಮಾಡಲಾಗಿದೆ ಎಂದಿತು.

ಈಗಿನ ರೂಪ

ಫ್ರೆಂಚ್ ಲೇಖಕ ರೆನೊ ಕಾಮ್ಯು 2011ರ ಪುಸ್ತಕದಲ್ಲಿ, ವಲಸಿಗರು ಬಂದು ಯುರೋಪಿನ ಮೂಲ ಜನರ ಜಾಗ ಹಿಡಿಯುತ್ತಿದ್ದಾರೆ ಎಂದ. ಅವನ ಗುರಿ ಮುಸ್ಲಿಮರು. ಈ ವಾದ ಅಮೆರಿಕಕ್ಕೆ ಹೋದಾಗ, ವಲಸಿಗರನ್ನು ಕರೆತರುತ್ತಿರುವವರು ಯಹೂದಿಗಳು ಎಂಬ ಬಾಲ ಸೇರಿಕೊಂಡಿತು. 2017ರ ಆಗಸ್ಟಿನಲ್ಲಿ ಶಾರ್ಲಟ್ಸ್‌ವಿಲ್‌ನಲ್ಲಿ ಪಂಜು ಹಿಡಿದು ನಡೆದವರ ಘೋಷಣೆ ಇದೇ ಆಗಿತ್ತು. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಪ್ರಾರ್ಥನಾ ಮಂದಿರದಲ್ಲಿ 11 ಜನರನ್ನು ಕೊಂದವನು ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆಯ ಮೇಲೆ ಕೆಂಡ ಕಾರಿದ್ದ. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ತನ್ನ ಹೇಳಿಕೆಗೆ ಕಾಮ್ಯುವಿನ ಮಾತನ್ನೇ ಶೀರ್ಷಿಕೆ ಮಾಡಿಕೊಂಡಿದ್ದ.

2024ರ ಡಿಸೆಂಬರಿನಲ್ಲಿ ಶ್ರೀರಾಮ್ ಕೃಷ್ಣನ್ ಎಂಬ ಭಾರತೀಯ ಮೂಲದವರನ್ನು ಅಮೆರಿಕದ ಕೃತಕ ಬುದ್ಧಿಮತ್ತೆ ಸಲಹೆಗಾರರೆಂದು ಘೋಷಿಸಿದಾಗ, ಎಚ್-1ಬಿ ವೀಸಾದ ಮೇಲೆ ಹೋದ ಭಾರತೀಯರೆಲ್ಲರ ಮೇಲೆ ಸಾಮಾಜಿಕ ಜಾಲತಾಣಗಳಲ್ಲಿ ಅದೇ ಭಾಷೆಯ ದಾಳಿ ನಡೆಯಿತು: ಒಂದು ಸಣ್ಣ ಗುಂಪು, ತಮ್ಮವರಿಗೇ ಕೆಲಸ ಕೊಡುತ್ತಾರೆ, ನಮ್ಮ ಕಂಪನಿಗಳನ್ನು ಒಳಗಿಂದ ಹಿಡಿಯುತ್ತಿದ್ದಾರೆ. ಆ ವೀಸಾದ ಮೇಲೆ ದುಡಿಯುತ್ತಿರುವವರಲ್ಲಿ ಮೈಸೂರು ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಹೋದ ಹುಡುಗ ಹುಡುಗಿಯರೂ ಇದ್ದಾರೆ.